ಮೂರನೆಯ ವಂದನೆ

ಬೆಳಗಿನಿಂದ ಫಾಯ್‌ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ಹುಳ: ತನ್ನ ಫೋಟೊ ನೋಡಿ ಯಾರಾದರೂ ನಕ್ಕುಬಿಟ್ಟರೆ? ಪಾತ್ರ ದೊಡ್ಡದೇನಲ್ಲ. ಪಾತ್ರವೇ ಅಲ್ಲ ಎಂದರೂ ನಡೆದೀತು. ಹೊಸ ಧಾರಾವಾಹಿಯೊಂದರಲ್ಲಿ ಮೊದಲ ಕಂತು ಶುರುವಾಗುವ ಹೊತ್ತಿಗೇ ಸತ್ತುಹೋಗಿರುವ ಅಪ್ಪ. ಸಾವಿನ ಪೀಠದ ಮೇಲೆ, ಬಿಳಿ ಸೇವಂತಿಗೆಯ ನಡುವೆ, ಅವನದೊಂದು ಫೋಟೊ. ಮಾತಿಲ್ಲ, ಓಡಾಟವಿಲ್ಲ, ಉಸಿರಾಡುವ ಕಷ್ಟವೂ ಇಲ್ಲ. ಹೋದ ವಾರ ಕರಿ ಕೋಟು ತೊಡಿಸಿ ಗೋಡೆಗೆ ನಿಲ್ಲಿಸಿ ಆ ಫೋಟೊ ತೆಗೆದುಕೊಂಡಿದ್ದರು. ನಿರ್ದೇಶಕನ ಸಹಾಯಕಿ, ಹೊಯ್-ಚಿಂಗ್ ಎಂಬ ಹುಡುಗಿ, ನಿನ್ನೆ ಫೋನು ಮಾಡಿ, "ನೀವು ಬೆಳಿಗ್ಗೇನೇ ಬರೋದೇನೂ ಬೇಡ ಫಾಯ್ ಚಿಕ್ಕಪ್ಪ, ಫೋಟೊ ಇದೆಯಲ್ಲ, ಸಾಕು. ಎಲ್ಲ ಮುಗಿದ್ಮೇಲೆ ನಗೋದಕ್ಕೆ ಒಂದೈದು ನಿಮಿಷ ಬಂದು ಹೋಗಿ" ಎಂದಿದ್ದಳು. ಬದುಕಿರುವವನ ಫೋಟೊವನ್ನು ಸತ್ತವರ ಪೀಠಕ್ಕೆ ಏರಿಸಿದ ಮೇಲೆ ಕೇಡು ತಟ್ಟದಿರಲೆಂದು ಅದೇ ಕ್ಯಾಮೆರಾದ ಮುಂದೆ ಅವನನ್ನು ನಿಲ್ಲಿಸಿ ನಗಿಸಬೇಕು, ನಕ್ಕದ್ದನ್ನು ಹಿಡಿದಿಡಬೇಕು, ಕೈಗೊಂದು ಕೆಂಪು ಲಕೋಟೆ ಕೊಟ್ಟು ಆ ಫೋಟೊ ಸುಟ್ಟುಹಾಕಬೇಕು. ಇಷ್ಟು ಆಗದೆ ಹಾಂಗ್‌ಕಾಂಗಿನ ಯಾವ ಸ್ಟುಡಿಯೊದಲ್ಲೂ ದೀಪ ಆರಿಸುವವನು ಕೂಡ ಮನೆಯ ದಾರಿ ಹಿಡಿಯುವುದಿಲ್ಲ. ಸಂಜೆ ಬಂದರೆ ಸಾಕಿತ್ತು. ಫಾಯ್ ಮಾತ್ರ ಎಂಟು ಗಂಟೆಗೇ ಗಡ್ಡ ಕೆರೆದು, ಗಂಜಿ ಕುಡಿದು, ಟೈ ಕಟ್ಟಿಕೊಂಡು ಹೊರಟಿದ್ದ.

ಕ್ವುನ್ ಟೊಂಗ್‌ಗೆ ಹೋಗುವ ಮಿನಿಬಸ್ಸಿನಲ್ಲಿ ಕಿಟಕಿಯ ಗಾಜು ಅವನ ಮುಖವನ್ನು ಅವನಿಗೇ ತೋರಿಸುತ್ತಿತ್ತು. ಉದ್ದ ಮುಖ, ಇಳಿಬಿದ್ದ ಕೆನ್ನೆ, ಏನು ನಡೆದರೂ ನನಗೇನು ಎನ್ನುವ ಕಣ್ಣು. ಮೂವತ್ತೊಂದು ವರ್ಷ ಈ ಮುಖ ಅನ್ನ ಹಾಕಿತ್ತು. ಶನಿವಾರ ಸಂಜೆ ಟೀವಿಯಲ್ಲಿ ಬೂದುಗುಂಬಳ ಮತ್ತು ಕಲ್ಲು ಎಂದು ಹೆಸರು ಮೂಡಿದರೆ ಓಣಿಗಳು ಖಾಲಿಯಾಗುತ್ತಿದ್ದವು. ಬೂದುಗುಂಬಳ ಎಂದರೆ ವಿಂಗ್, ತಾಮ್ ವಿಂಗ್-ಕೇ, ಇನ್ನೂರು ಪೌಂಡಿನ ಆಸಾಮಿ, ಫಾಯ್‌ಗಿಂತ ಎರಡು ವರ್ಷಕ್ಕೆ ಹಿರಿಯ. ವಿಂಗ್ ಕುಣಿಯುವನು, ಬೀಳುವನು, ಬಾಯಿಗೆ ಬಂದದ್ದು ಒದರುವನು. ಪಕ್ಕದಲ್ಲಿ ಕಲ್ಲು, ಅಂದರೆ ಫಾಯ್, ನಗದೆ ನಿಂತಿರುವನು. ಇಷ್ಟೇ ಆಟ. ಕಲ್ಲು ನಗುತ್ತಾನೋ ಇಲ್ಲವೋ ಎಂದು ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು, ಕಾದು ಕಾದು ತಾವೇ ನಕ್ಕು ಸುಸ್ತಾಗುತ್ತಿದ್ದರು. ಹೊಸ ವರ್ಷದ ಸಿನಿಮಾಗಳಲ್ಲೂ ಅದೇ. ಒಮ್ಮೆ, ಶುರುವಿನ ದಿನಗಳಲ್ಲಿ, ಅವನ ತುಟಿಯ ಕೊನೆ ಅರೆಕ್ಷಣ ನಡುಗಿದ್ದಕ್ಕೆ ವಿಂಗ್ ತೆರೆಯ ಹಿಂದೆ ಕಿವಿ ಹಿಂಡಿದ್ದ: "ನೀನು ನಕ್ಬಿಟ್ರೆ ನಾನು ಯಾರನ್ನ ನಗಿಸೋಕೆ ಹೋಗ್ಲೋ ಕತ್ತೆ? ಅಲ್ಲಿಗೆ ಆಟ ಮುಗೀತು." ಆಗೆಲ್ಲ ಮಿನಿಬಸ್ಸಿನವರು ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಹಲ್ಲುಕಿರಿದು, ನಾಲಿಗೆ ಚಾಚಿ, ಅವನನ್ನು ನಗಿಸಲು ಹೋಗಿ ಅಡ್ಡಾದಿಡ್ಡಿ ಓಡಿಸುತ್ತಿದ್ದರು. ಇವತ್ತಿನ ಡ್ರೈವರೂ ಕನ್ನಡಿಯಲ್ಲಿ ನೋಡಿದ. ಫಾಯ್ ಬೆನ್ನು ನೆಟ್ಟಗೆ ಮಾಡಿಕೊಂಡ. "ತಾತ, ಬಾಗಿಲ ಹತ್ರ ಕಾಲು ಚಾಚ್ಬೇಡಿ, ಇಳಿಯೋರು ಎಡವ್ತಾರೆ" ಎಂದ ಡ್ರೈವರು.

ಸ್ಟುಡಿಯೊ ಇದ್ದದ್ದು ಹಳೆಯ ಕಾರ್ಖಾನೆಯ ಕಟ್ಟಡದ ಏಳನೆಯ ಮಹಡಿಯಲ್ಲಿ. ಅವನು ಇಷ್ಟು ಬೇಗ ಬಂದದ್ದಕ್ಕೆ ಕಾರಣ ಲಿಫ್ಟಿನ ಬಾಗಿಲು ತೆರೆದ ಕೂಡಲೇ ಎದುರಿಗೇ ಇತ್ತು. ಉಡುಪಿನ ಗೂಟಗಳ ಸಾಲಿನ ಮುಂದೆ, ಕೊರಳಿಗೆ ಅಳತೆಯ ಪಟ್ಟಿ ಹಾಕಿಕೊಂಡು ಲಾನ್ ನಿಂತಿದ್ದಳು, ವಿಂಗ್‌ನ ಹೆಂಡತಿ. ನಲವತ್ತು ವರ್ಷದಿಂದ ನಟರಿಗೆ ಬಟ್ಟೆ ತೊಡಿಸುವುದೇ ಅವಳ ಕೆಲಸ. ಅವರಿಬ್ಬರ ಮೊದಲ ಕೋಟು ಹೊಲಿದವಳೂ ಅವಳೇ. ಈ ಧಾರಾವಾಹಿಯ ಉಡುಪು ಅವಳದು ಎಂದು ಗೊತ್ತಾದ ಮೇಲೆಯೇ ಫಾಯ್ ಸತ್ತ ಅಪ್ಪನಾಗಲು ಒಪ್ಪಿದ್ದು. ಆರು ವರ್ಷದಿಂದ ಅವಳು ಅವನೊಡನೆ ಒಂದು ಮಾತಾಡಿರಲಿಲ್ಲ. ಫೋನು ಎತ್ತಿಲ್ಲ, ಬಾಗಿಲು ತೆರೆದಿಲ್ಲ, ಹಬ್ಬಕ್ಕೆ ಕಳಿಸಿದ ಕಿತ್ತಳೆಯ ಬುಟ್ಟಿ ಹಾಗೇ ವಾಪಸು ಬಂದಿದೆ. ಇವತ್ತು ಅವಳು ಓಡಿಹೋಗುವಂತಿಲ್ಲ, ಕೆಲಸ ಅವಳನ್ನು ಕಟ್ಟಿಹಾಕಿದೆ ಎಂದು ಲೆಕ್ಕ ಹಾಕಿದ್ದ, ಲೆಕ್ಕ ಹಾಕಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡಿದ್ದ, ಆದರೂ ಬಂದಿದ್ದ. "ಅತ್ತಿಗೆ" ಎಂದ. ಕೆಮ್ಮಿ ಇನ್ನೊಮ್ಮೆ ಕರೆದ. ಅವಳು ಸೂತಕದ ಗೋಣಿಬಟ್ಟೆಯ ಅಂಗಿಯೊಂದರ ಅಂಚು ಮಡಿಸುತ್ತಿದ್ದಳು, ಬಾಯಲ್ಲಿ ಗುಂಡುಸೂಜಿ ಕಚ್ಚಿದ್ದಳು. ಬಾಯಲ್ಲಿ ಸೂಜಿ ಇದ್ದವಳು ಹೇಗೆ ಮಾತಾಡಿಯಾಳು ಎಂದು ಅವನೇ ಅವಳ ಪರ ವಾದಿಸಿದ. ಅಷ್ಟರಲ್ಲಿ ಮಗಳ ಪಾತ್ರದ ಹುಡುಗಿ ಬಂದಳು. ಲಾನ್ ಸೂಜಿಗಳನ್ನು ಒಂದೊಂದಾಗಿ ತೆಗೆದು ತೋಳಿನ ದಿಂಬಿಗೆ ಚುಚ್ಚಿ, "ಊಟ ಆಯ್ತೇನಮ್ಮ? ಅಳೋ ಸೀನು, ಹಸ್ಕೊಂಡು ಅಳ್ಬೇಡ, ತಲೆನೋವು ಬರತ್ತೆ" ಎಂದಳು. ಆಮೇಲೆ ಸೂಜಿಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡಳು.

ಕ್ಯಾಮೆರಾಗಳ ಹಿಂದೆ, ಯಾರಿಗೂ ಅಡ್ಡವಾಗದ ಒಂದು ಮಡಿಸುವ ಕುರ್ಚಿ ನೋಡಿ ಕೂತ. ಎದುರಿಗೆ ಪೀಠ ಎದ್ದು ನಿಲ್ಲುತ್ತಿತ್ತು: ನೀಲಿ ಪರದೆ, ಹೂವಿನ ಚಕ್ರಗಳು, ಎರಡು ಬಿಳಿ ಮೇಣದ ಬತ್ತಿ. ಇಬ್ಬರು ಆಳುಗಳು ಅವನ ಫೋಟೊವನ್ನು ಹೊತ್ತು ತಂದು, "ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ" ಎನ್ನುತ್ತ ನೇರ ಮಾಡಿದರು. ಆರು ವರ್ಷದ ಹಿಂದೆ, ವಿಂಗ್‌ನ ಅಂತ್ಯಕ್ರಿಯೆ ನಡೆದ ಹಂಗ್ ಹಾಮ್‌ನ ಆ ಹಾಲಿನಲ್ಲೂ ಪರದೆ ನೀಲಿಯೇ. ಅಲ್ಲಿ ಫೋಟೊದೊಳಗೆ ವಿಂಗ್ ಬಾಯ್ತುಂಬ ನಗುತ್ತಿದ್ದ. ನಗದ ಫೋಟೊ ಒಂದೂ ಸಿಕ್ಕಲಿಲ್ಲವಂತೆ. ಒಳಗೆ ಬರುವಾಗ ಎಲ್ಲರಿಗೂ ಕೊಡುವ ಬಿಳಿ ಲಕೋಟೆ ಫಾಯ್‌ನ ಮುಷ್ಟಿಯಲ್ಲಿತ್ತು, ಒಳಗೊಂದು ನಾಣ್ಯ, ಒಂದು ಕಾಗದದ ಕರ್ಚೀಫು, ಒಂದು ಪೆಪ್ಪರಮೆಂಟು. ಸತ್ತವನಿಗೆ ಸಲ್ಲುವ ಮೂರು ವಂದನೆಗಳನ್ನು ಕೂಗುವವನು ಕೂಗಿದ: ಮೊದಲ ವಂದನೆ. ಫಾಯ್ ಬಾಗಿದ. ಎರಡನೆಯ ವಂದನೆ. ಬಾಗಿದ. ಮೂರನೆಯ ವಂದನೆ ಎಂದಾಗ ಬಾಗಿದವನ ತಲೆ ತಾನಾಗಿ ಎಡಕ್ಕೆ ಓರೆಯಾಯಿತು, ಓರೆಯಾಗಿ ಅಲ್ಲೇ ನಿಂತಿತು. ಏಕೆಂದರೆ ಮೂವತ್ತೊಂದು ವರ್ಷ ಮೂರನೆಯ ವಂದನೆ ಎಂದರೆ ಅದೇ ಆಗಿತ್ತು. ಅವರ ಆಟದಲ್ಲಿ, ತಪ್ಪಿ ಬೇರೆ ಯಾರದೋ ಸಾವಿಗೆ ಬಂದ ಇಬ್ಬರು ನೆಂಟರು; ಮೂರನೆಯ ಸಲ ಬಾಗುವಾಗ ದಪ್ಪಗಿನವನು ತಿರುಗಿ ಬೂಟಿನ ದಾರ ಕಟ್ಟಲು ಹೋಗುತ್ತಾನೆ, ಅವನ ಸೊಂಟ ತೆಳ್ಳಗಿನವನ ತಲೆಗೆ ಗುದ್ದುತ್ತದೆ; ತೆಳ್ಳಗಿನವನು ಒಂದು ಹೆಜ್ಜೆ ತೂರಾಡಿ, ನೆಟ್ಟಗಾಗಿ, ಟೈ ಸರಿಮಾಡಿಕೊಂಡು, ಜನರನ್ನು ನೋಡುತ್ತಾನೆ. ಮದುವೆಯ ಮನೆಗೆ ಕರೆದರೆ ಸಾವನ್ನು ತೆಗೆದು ಮದುವೆಯ ವಂದನೆ ಮಾಡುತ್ತಿದ್ದರು. ಗುದ್ದು ಮಾತ್ರ ಅದೇ ಗುದ್ದು. ಆ ದಿನ ಫಾಯ್‌ನ ತಲೆ ಆ ಗುದ್ದಿಗೆ ಕಾದಿತ್ತು. ಎರಡು ಕ್ಷಣ ಇದ್ದೀತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಹಾಲು ನಕ್ಕಿತು. ಗೋಣಿಬಟ್ಟೆ ತೊಟ್ಟು ಪ್ರತಿವಂದನೆಗೆ ಮಂಡಿಯೂರಿದ್ದ ಲಾನ್ ತಲೆಯೆತ್ತಿ ಅವನನ್ನು ನೋಡಿದಳು. ಅವನು ಹೇಗೆ ಹೊರಬಿದ್ದನೋ ತಿಳಿಯದು. ಸಾವಿನ ಕೇಡು ಹಿಂಬಾಲಿಸದಂತೆ ಮನೆ ಸೇರುವ ಮೊದಲು ತಿಂದು ಮುಗಿಸಬೇಕಾದ ಆ ಪೆಪ್ಪರಮೆಂಟು ಮೂರು ದಿನದ ಮೇಲೆ ಕೋಟಿನ ಜೇಬಿನಲ್ಲಿ ಇರುವೆ ಮುತ್ತಿಕೊಂಡು ಸಿಕ್ಕಿತು.

ಅಷ್ಟಕ್ಕೇ ನಿಂತಿದ್ದರೆ ಅವನು ಓಡಿಹೋಗಿ ಅವಳ ಕಾಲು ಹಿಡಿಯುತ್ತಿದ್ದನೇನೋ. ಆದರೆ ಮಾರನೆಯ ದಿನದ ಪತ್ರಿಕೆಗಳು ಅವನನ್ನು ಹೊಗಳಿದವು. ಗೆಳೆಯನಿಗೆ ಕಲ್ಲಿನ ಕೊನೆಯ ಕಾಣಿಕೆ, ಕಲಾವಿದನೆಂದರೆ ಹೀಗೆ ಬೀಳ್ಕೊಡಬೇಕು, ಇತ್ಯಾದಿ. ಎರಡು ವರ್ಷದಿಂದ ತಿರುಗಿಯೂ ನೋಡದಿದ್ದ ಟೀವಿಯವರು ಅವನನ್ನು ಕರೆದು ಸೋಫಾದ ಮೇಲೆ ಕೂರಿಸಿ, "ಮೊದಲೇ ಯೋಚನೆ ಮಾಡಿದ್ರಾ, ಇಲ್ಲ ಆ ಗಳಿಗೇಲಿ ಹೊಳೀತಾ?" ಎಂದು ಕೇಳಿದರು. ಅವನು ನಿಜ ಹೇಳಬಹುದಿತ್ತು. ಬಾಯಿ ತೆರೆದವನು, "ಅವನಿಗೆ ಮಾತು ಕೊಟ್ಟಿದ್ದೆ" ಎಂದ. ಎಲ್ಲಿಯ ಮಾತು, ಯಾರಿಗೆ ಕೊಟ್ಟದ್ದು! ಇನ್ನೊಮ್ಮೆ ಮಾಡಿ ತೋರಿಸಿ ಎಂದರು. ಎದ್ದು ನಿಂತು ಮೂರು ಸಲ ಬಾಗಿ, ತಲೆ ಓರೆ ಮಾಡಿ ತೋರಿಸಿದ. ಚಪ್ಪಾಳೆ ಬಿತ್ತು. ಆರು ತಿಂಗಳು ಆ ಒಂದು ವಂದನೆಯ ಮೇಲೆ ಬದುಕಿದ. ಆಮೇಲೆ ಅದೂ ಹಳಸಿತು. ಆವತ್ತಿನಿಂದ ಒಂದು ಮಾತನ್ನು ಕಟ್ಟುತ್ತ, ಕೆಡವುತ್ತ, ಮತ್ತೆ ಕಟ್ಟುತ್ತ ಬಂದಿದ್ದ: ಅತ್ತಿಗೆ, ನಾನು ಬೇಕೂಂತ ಮಾಡಿದ್ದಲ್ಲ, ಅವನು ಸತ್ತಿದ್ದಾನೆ ಅನ್ನೋದು ನನ್ನ ಕತ್ತಿಗೆ ಗೊತ್ತಿರಲಿಲ್ಲ. ಇದೊಂದು ಹೇಳಿಬಿಟ್ಟರೆ ಅವಳಿಗೆ ತಿಳಿಯುತ್ತದೆ. ಅವಳು ತಪ್ಪು ತಿಳಿದಿದ್ದಾಳೆ, ಅಷ್ಟೇ. ತಪ್ಪು ತಿಳಿದದ್ದನ್ನು ಸರಿಮಾಡಬಹುದು. ಈ ನಂಬಿಕೆಯೊಂದೇ ಅವನನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು.

"ಸದ್ದು!" ಎಂದು ಹೊಯ್-ಚಿಂಗ್ ಕೂಗಿದಳು. ಮಗಳು ಗೋಣಿಬಟ್ಟೆಯಲ್ಲಿ ಬಂದು ಪೀಠದ ಮುಂದೆ ನಿಂತು ಫೋಟೊವನ್ನು ನೋಡಿದಳು. ಫಾಯ್ ಕುರ್ಚಿಯ ತುದಿಗೆ ಸರಿದ. ಈಗ ನಗುತ್ತಾಳೆ. ಈ ಮುಖದ ಎದುರು ನಿಂತು ನಗದವರಿಲ್ಲ. ಎಪ್ಪತ್ತರ ದಶಕದಲ್ಲಿ ಒಬ್ಬ ದೊಡ್ಡ ಅಧಿಕಾರಿಯ ಹೆಂಡತಿ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಿದ್ದಳು. ಇವಳು ನಗುತ್ತಾಳೆ, ನಿರ್ದೇಶಕ ಬೈಯುತ್ತಾನೆ, ಬೇರೆ ಯಾವನಾದರೂ ಮುದುಕನ ಫೋಟೊ ತರಿಸಿ ಎನ್ನುತ್ತಾನೆ. ನಗಬೇಡ ತಾಯಿ ಎಂದು ಬೇಡಿಕೊಂಡ. ಹುಡುಗಿಯ ಗಲ್ಲ ನಡುಗಿತು, ಕಣ್ಣು ತುಂಬಿತು, "ಅಪ್ಪಾ" ಎಂದು ಕುಸಿದು ಅತ್ತಳು. ಸುತ್ತ ಮೂವತ್ತು ಜನ ಇದ್ದರು, ಒಬ್ಬರೂ ಕಿಸಕ್ಕೆನ್ನಲಿಲ್ಲ. "ಓಕೆ! ಒಂದೇ ಸಲಕ್ಕೆ" ಎಂದು ನಿರ್ದೇಶಕ ಎದ್ದ. ಸಂತೋಷದಲ್ಲಿ ಫೋಟೊದ ಕಡೆ ಕೈ ಮಾಡಿ, "ಎಲ್ಲಿ ಹಿಡಿದ್ರಯ್ಯ ಈ ಮುಖಾನ? ಎಷ್ಟು ಚೆನ್ನಾಗಿ ಸತ್ತಿದಾನೆ!" ಎಂದ. ಹಿಂದಿನ ಕುರ್ಚಿಯಲ್ಲಿ ಯಾರು ಕೂತಿದ್ದಾರೆಂದು ಅವನಿಗೆ ತಿಳಿಯದು. ಬೆಳಗಿನಿಂದ ಹೆದರಿದ್ದು ಆಗಲಿಲ್ಲವಲ್ಲ ಎಂದು ಫಾಯ್ ನಿಟ್ಟುಸಿರು ಬಿಡಲು ಹೋದ. ಬಿಡಲು ಉಸಿರೇ ಇರಲಿಲ್ಲ. ಯಾರಾದರೂ ಒಬ್ಬರು ನಗಬಾರದಿತ್ತೇ?

ಇನ್ನೂ ಮೂರು ಕೋನದಿಂದ ಅದನ್ನೇ ತೆಗೆದರು. ಮೂರು ಸಲವೂ ಹುಡುಗಿ ಅತ್ತಳು. ಫಾಯ್ ನೋಡುತ್ತಿದ್ದದ್ದು ಅವಳನ್ನಲ್ಲ. ಒಂದೊಂದು ಸಲವೂ ಓಡಿಬಂದು ಅವಳ ಅಂಗಿಯ ಸುಕ್ಕು ಬಿಡಿಸಿ ಹೋಗುತ್ತಿದ್ದ ಲಾನ್‌ಳನ್ನು. ಅವಳ ಬೆನ್ನು ಬಾಗಿತ್ತು. ವಿಂಗ್‌ನ ಬೆನ್ನೂ ಕೊನೆಗೆ ಹೀಗೇ ಆಗಿತ್ತು. ಹೊಸ ಅಂಗಡಿ ಸಂಕೀರ್ಣವೊಂದರ ಬಾಗಿಲು ತೆರೆಯುವ ದಿನ, ದಿನಕ್ಕೆ ನಾಲ್ಕು ಆಟ, ಮೂರನೆಯದರ ಮೊದಲು ಮೆಟ್ಟಿಲ ಕೆಳಗೆ ಬಕೆಟ್ಟುಗಳ ನಡುವೆ ಕೂತು ವಿಂಗ್ ಹೇಳಿದ್ದ: "ಮೂರನೇ ವಂದನೆ ಬಿಟ್ಬಿಡೋಣ ಕಣೋ. ಸೊಂಟ ಕೇಳ್ತಿಲ್ಲ, ಎದೆ ಬೇರೆ ಹಿಡ್ಕೊಂಡಿದೆ." ಫಾಯ್ ಟೈ ಕಟ್ಟಿಕೊಳ್ಳುತ್ತಲೇ, "ಜನ ಅದಕ್ಕೇ ಬಂದಿರೋದು" ಎಂದಿದ್ದ. ಮುಖ ಕೂಡ ತಿರುಗಿಸಿರಲಿಲ್ಲ. ವಿಂಗ್ ಗೋಡೆ ಹಿಡಿದು ಎದ್ದು, "ಸರಿಯಪ್ಪ, ಕಲ್ಲಿಗೇನು ಗೊತ್ತು ಕುಂಬಳದ ಕಷ್ಟ" ಎಂದು ನಕ್ಕು, ಹೋಗಿ ಗುದ್ದಿದ. ನಾಲ್ಕನೆಯ ಆಟದಲ್ಲೂ ಗುದ್ದಿದ. ಎರಡು ತಿಂಗಳಿಗೆ ಸತ್ತ. ಅವತ್ತು ರಾತ್ರಿ ಲಾನ್ ಗಂಡನ ಸೊಂಟಕ್ಕೆ ಎಣ್ಣೆ ಹಚ್ಚಿದ್ದಾಳು, ಏನಾಯಿತೆಂದು ಕೇಳಿದ್ದಾಳು. ವಿಂಗ್ ಏನು ಹೇಳಿದನೋ ಎಂದು ಫಾಯ್ ಯಾವತ್ತೂ ಯೋಚಿಸಿರಲಿಲ್ಲ. ಈಗ ಯೋಚಿಸಿದ, ಯೋಚಿಸಿ ಬೇಗ ಬಿಟ್ಟುಬಿಟ್ಟ.

ನಾಲ್ಕು ಗಂಟೆಗೆ ಎಲ್ಲ ಮುಗಿಯಿತು. "ಫಾಯ್ ಚಿಕ್ಕಪ್ಪ, ಬನ್ನಿ ಬನ್ನಿ, ನಕ್ಬಿಡಿ, ಎಲ್ಲ ಮನೆಗೆ ಹೋಗ್ಬೇಕು" ಎಂದು ಹೊಯ್-ಚಿಂಗ್ ಅವನನ್ನು ಪೀಠದ ಮುಂದೆ ನಿಲ್ಲಿಸಿ ಕ್ಯಾಮೆರಾ ಹಿಡಿದಳು. ಜನ ಕೈಕಟ್ಟಿ ಸುತ್ತ ನಿಂತರು. ಫಾಯ್ ತುಟಿ ಹಿಗ್ಗಿಸಲು ನೋಡಿದ. ತುಟಿ ಅಲುಗಲಿಲ್ಲ. ಕ್ಯಾಮೆರಾದ ಗಾಜು ಕಂಡ ಕೂಡಲೇ ಮುಖ ತಾನಾಗಿ ಬಿಗಿಯುತ್ತಿತ್ತು, ಮೂವತ್ತೊಂದು ವರ್ಷ ಬಿಗಿದ ಹಾಗೆ. "ಇನ್ನೊಂಚೂರು. ಹಲ್ಲು ಕಾಣ್ಬೇಕು" ಎಂದಳು ಹುಡುಗಿ. ಫೋನಿನಲ್ಲಿ ಬೆಕ್ಕೊಂದು ಜಾರಿ ನೀರಿಗೆ ಬೀಳುವುದನ್ನು ತೋರಿಸಿದಳು. ದೀಪದವನೊಬ್ಬ ಅತ್ತೆ ಅಳಿಯನ ಪೋಲಿ ಮಾತೊಂದನ್ನು ಹೇಳಿದ, ಉಳಿದವರೆಲ್ಲ ನಕ್ಕರು.

"ಏನ್ ಮುದುಕಪ್ಪ ಇವ್ರು, ಒಂದ್ಸಲ ನಗೋಕೆ ಏನಂತೆ?"

"ಹಾಸ್ಯನಟರಂತೆ ಕಣೋ."

"ಹೌದಾ? ಯಾವುದ್ರಲ್ಲಿ?"

"ಯಾರಿಗ್ಗೊತ್ತು. ಹೊಯ್-ಚಿಂಗ್ ಹೇಳಿದ್ಲು."

ಐದು ನಿಮಿಷ ಹತ್ತಾಯಿತು. ಗೊಣಗಾಟ ಶುರುವಾಯಿತು. ನಗದೆ ಬಿಡುವಂತಿಲ್ಲ, ಬಿಟ್ಟರೆ ಧಾರಾವಾಹಿಗೇ ಕೇಡು. ಫಾಯ್‌ಗೆ ತನ್ನ ಮೇಲೆ ನಾಚಿಕೆ ಉಕ್ಕಿತು. ಜೀವಮಾನದಲ್ಲಿ ಕ್ಯಾಮೆರಾದ ಎದುರು ಅವನಿಗೆ ನಗು ಬಂದದ್ದು, ಬಂದದ್ದನ್ನು ಹಲ್ಲುಕಚ್ಚಿ ನುಂಗಿದ್ದು, ಒಂದೇ ಜಾಗದಲ್ಲಿ. ಬೇರೆ ದಾರಿ ಕಾಣದೆ ಅವನು ಪೀಠದ ಕಡೆ ತಿರುಗಿ, ಕೈ ತೊಡೆಗೊತ್ತಿ, ಒಮ್ಮೆ ಬಾಗಿದ. "ಅಯ್ಯಯ್ಯೋ, ತನ್ನ ಫೋಟೊಗೆ ತಾನೇ ವಂದನೆ ಮಾಡ್ತಿದಾನೆ! ನಿಲ್ಲಿಸ್ರಪ್ಪ!" ಎಂದು ದೀಪದವನು ಕಿರುಚಿದ. ಎರಡನೆಯ ಸಲ ಬಾಗಿದ. ಮೂರನೆಯ ಸಲ ಬಾಗಿ ತಲೆಯನ್ನು ಎಡಕ್ಕೆ ಓರೆ ಮಾಡಿದ, ಮಾಡಿ ಕಾದ. ನೆಲದ ಮೇಲೆ ತಂತಿಗಳು, ಯಾರದೋ ಚಪ್ಪಲಿ. "ಚಿಕ್ಕಪ್ಪ? ತಲೆ ಸುತ್ತಿತಾ? ಯಾರಾದ್ರೂ ಕುರ್ಚಿ ತನ್ನಿ" ಎಂದಳು ಹೊಯ್-ಚಿಂಗ್. ಅವನು ಏಳಲಿಲ್ಲ. ಎದ್ದರೆ ಎಲ್ಲ ಮುಗಿದುಹೋಗುತ್ತದೆ ಎಂದು ಹೆದರಿ ಹಾಗೇ ಕಾದ.

ಎಡಗಡೆ ಬಟ್ಟೆಯ ಸದ್ದಾಯಿತು. ನೋವಿನ ಎಣ್ಣೆಯ ವಾಸನೆ ಬಂತು. ಯಾರೋ ಪಕ್ಕದಲ್ಲಿ ಬೆನ್ನು ತಿರುಗಿಸಿ, ಬೂಟಿನ ದಾರ ಕಟ್ಟುವವರಂತೆ ಬಗ್ಗಿದರು, ಮತ್ತು ಮೂಳೆಯ ಸೊಂಟವೊಂದು ಅವನ ತಲೆಗೆ ಸರಿಯಾಗಿ, ಆರು ವರ್ಷ ತಡವಾಗಿ, ಗುದ್ದಿತು. ಫಾಯ್ ಒಂದು ಹೆಜ್ಜೆ ತೂರಾಡಿದ. ನೆಟ್ಟಗಾದ. ಕೈ ತಾನಾಗಿ ಟೈಗೆ ಹೋಯಿತು. ಜನರನ್ನು ನೋಡಿದ.

ಮೂವತ್ತು ಜನ ಒಟ್ಟಿಗೆ ನಕ್ಕರು. ಅವರಲ್ಲಿ ಅರ್ಧ ಜನ ಅವನ ಒಳ್ಳೆಯ ಕಾಲ ಮುಗಿಯುವ ಹೊತ್ತಿಗೆ ಹುಟ್ಟಿದವರು, ಅವನ ಹೆಸರು ಕೇಳದವರು. ಆದರೂ ಹೊಟ್ಟೆ ಹಿಡಿದು ನಕ್ಕರು. ದೀಪದವನು ಏಣಿಗೆ ಒರಗಿಕೊಂಡ. ಬೆಳಗಿನಿಂದ ಹೆದರಿದ್ದ, ಬೆಳಗಿನಿಂದ ಬೇಡಿದ್ದ ನಗು ಅದೇ. ಹೊಯ್-ಚಿಂಗ್ ಕಣ್ಣೊರೆಸಿಕೊಂಡು, "ಅಯ್ಯೋ ನಾವಲ್ಲ ಚಿಕ್ಕಪ್ಪ, ನೀವು, ನೀವು ನಗ್ಬೇಕು!" ಎಂದಳು. ಅವನ ಮುಖ ಅಲುಗಿರಲಿಲ್ಲ. ಅವನು ನೋಡುತ್ತಿದ್ದದ್ದು ಲಾನ್‌ಳನ್ನು. ಅವಳು ಸೊಂಟದ ಮೇಲೆ ಕೈಯಿಟ್ಟು ನಿಧಾನವಾಗಿ ನೆಟ್ಟಗಾಗುತ್ತಿದ್ದಳು. ಬಾಯಲ್ಲಿ ಸೂಜಿ ಇರಲಿಲ್ಲ.

"ಅತ್ತಿಗೆ" ಎಂದ ಅವಸರವಾಗಿ, ಆರು ವರ್ಷ ಕಟ್ಟಿದ ಮಾತು ಒಂದರ ಮೇಲೊಂದು ಬಿದ್ದು, "ಅವತ್ತು ನಾನು ಬೇಕೂಂತ..."

"ಗೊತ್ತು" ಎಂದಳು ಲಾನ್. ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಅವತ್ತೇ ಗೊತ್ತಿತ್ತು. ಅವ್ರು ಬಂದು ಗುದ್ಲಿ ಅಂತ ನೀನು ಕಾಯ್ತಿದ್ದೆ. ಟೀವಿಯಲ್ಲಿ ನೀನು ಬೊಗಳಿದ್ದು ಸುಳ್ಳು ಅಂತಾನೂ ಗೊತ್ತಿತ್ತು."

"ಮತ್ತೆ..."

"ಸತ್ತು ಮಲಗಿದ್ ದಿನಾನೂ ಅವರಿಗೆ ರಜಾ ಕೊಡ್ಲಿಲ್ವಲ್ಲೋ ನೀನು."

ಅಷ್ಟು ಹೇಳಿ ಅವಳು ಗೂಟಗಳ ಕಡೆ ಹೊರಟಳು. ಅವಳು ತಪ್ಪು ತಿಳಿದಿರಲಿಲ್ಲ. ಮೊದಲಿನಿಂದಲೂ ಎಲ್ಲ ಸರಿಯಾಗಿಯೇ ತಿಳಿದಿದ್ದಳು. ತಿಳಿದೇ ಬಾಗಿಲು ಹಾಕಿದ್ದಳು. ನಾಳೆ ಬೆಳಿಗ್ಗೆ ಎದ್ದು ಕಟ್ಟಬೇಕಾದ ಮಾತು ಯಾವುದೂ ಇರಲಿಲ್ಲ. ಫಾಯ್‌ನ ಮುಖದಲ್ಲಿ ಏನೋ ಸಡಿಲವಾಯಿತು. ಏನೆಂದು ಅವನಿಗೇ ತಿಳಿಯಲಿಲ್ಲ, ತುಟಿಗಳು ಹಿಂದೆ ಸರಿದು ಒಸಡಿಗೆ ಗಾಳಿ ತಣ್ಣಗೆ ತಾಗಿತು. ಕ್ಯಾಮೆರಾ ಕಿಟಕ್ಕೆಂದಿತು. "ಹಲ್ಲು ಕಂಡ್ವು, ಸಾಕು!" ಎಂದು ಹೊಯ್-ಚಿಂಗ್ ಕೂಗಿದಳು. ಚಪ್ಪಾಳೆ ಬಿತ್ತು, ದೀಪಗಳು ಒಂದೊಂದಾಗಿ ಆರಿದವು, ಜನ ಚೀಲ ಹುಡುಕಿಕೊಂಡು ಲಿಫ್ಟಿನ ಕಡೆ ನಡೆದರು.

ಇಬ್ಬರು ಆಳುಗಳು ಬಂದು ಪೀಠದಿಂದ ಅವನ ಫೋಟೊ ಇಳಿಸಿ ಸುಡಲು ಒಯ್ದರು. ಫಾಯ್‌ನ ಕೈಯಲ್ಲಿ ಕೆಂಪು ಲಕೋಟೆ ಇತ್ತು, ಯಾವಾಗ ಕೊಟ್ಟರೋ. ಒಳಗೆ ನಾಣ್ಯದ ಜೊತೆ ಒಂದು ಪೆಪ್ಪರಮೆಂಟು. ಗೂಟಗಳ ನಡುವೆ ಗೋಣಿಬಟ್ಟೆಯ ಅಂಗಿಗಳನ್ನು ಮಡಿಸುತ್ತಿದ್ದ ಲಾನ್ ತಲೆಯೆತ್ತದೆ, ಯಾವ ಹೊಸಬನಿಗಾದರೂ ಹೇಳುವ ಧ್ವನಿಯಲ್ಲಿ, "ಅದನ್ನ ಇಲ್ಲೇ ತಿಂದು ಹೋಗು. ಮನೆಗೆ ತಗೊಂಡು ಹೋಗ್ಬಾರ್ದು" ಎಂದಳು. ಫಾಯ್ ಕಾಗದ ಬಿಡಿಸಿ ಅದನ್ನು ನಾಲಿಗೆಯ ಮೇಲಿಟ್ಟುಕೊಂಡ. ಅದು ಕರಗುವವರೆಗೂ ಅಲ್ಲೇ ನಿಂತಿದ್ದ. ಅಷ್ಟರೊಳಗೆ ಅವಳು ಅಂಗಿಗಳನ್ನೆಲ್ಲ ಮಡಿಸಿ ಪೆಟ್ಟಿಗೆಗೆ ತುಂಬಿ, ಬೀಗ ಹಾಕಿಕೊಂಡು ಹೊರಟುಹೋಗಿದ್ದಳು.